ನೂರಾರು ಕೈಗಳ ಲಯ, ಒಬ್ಬರ ವಾದ್ಯ

ಬ್ರೆಜಿಲಿನ ಪೋರ್ಚುಗೀಸ್ ಭಾಷೆಯಲ್ಲಿ 'ಬಟೆರಿಯಾ' ಎಂಬ ಪದಕ್ಕೆ ಸಂಗೀತದ ಮಟ್ಟಿಗೆ ಎರಡು ಅರ್ಥಗಳಿವೆ. ರಿಯೊ ಡಿ ಜನೈರೊದ ಕಾರ್ನಿವಲ್ ಮೆರವಣಿಗೆಯಲ್ಲಿ ಒಂದೊಂದು ಸಾಂಬಾ ಶಾಲೆಯ ಹಾಡಿಗೂ ಹೆಜ್ಜೆಗೂ ಆಧಾರವಾಗಿ ನಡೆಯುವ ತಾಳವಾದ್ಯಗಾರರ ದೊಡ್ಡ ಮೇಳವನ್ನು ಬಟೆರಿಯಾ ಎನ್ನುತ್ತಾರೆ. ಇಂದಿನ ದೊಡ್ಡ ಶಾಲೆಗಳಲ್ಲಿ ಇದು ಇನ್ನೂರೈವತ್ತು, ಮುನ್ನೂರು ಮಂದಿಯ ಪಡೆ. ಅದೇ ಪದ, ಒಬ್ಬನೇ ವಾದಕ ಆಸನದ ಮೇಲೆ ಕುಳಿತು ಎರಡು ಕೈ ಎರಡು ಕಾಲುಗಳಿಂದ ನುಡಿಸುವ ಡ್ರಮ್ ಸೆಟ್ಟಿಗೂ ಸಲ್ಲುತ್ತದೆ. ಮುನ್ನೂರು ಜನರಿಗೂ ಒಬ್ಬನಿಗೂ ಒಂದೇ ಹೆಸರು. ಡ್ರಮ್ ಸೆಟ್ಟಿನ ಮೇಲೆ ಸಾಂಬಾದ ಮೊದಲ ಪಾಠವನ್ನು ಕಲಿಯಲು ಕುಳಿತ ಯಾರೇ ಆಗಲಿ, ತಿಳಿದೋ ತಿಳಿಯದೆಯೋ ಈ ಎರಡು ಅರ್ಥಗಳ ನಡುವೆ ಕುಳಿತಿರುತ್ತಾರೆ.

ಇಂದು ಜಗತ್ತಿನ ಬಹುತೇಕ ಡ್ರಮ್ ಪಾಠಗಳಲ್ಲಿ 'ಸಾಂಬಾ' ಎಂದರೆ ಒಂದು ಪುಟದ ಅಭ್ಯಾಸ. ಕಾಲಿಗೊಂದು ಸೂತ್ರ, ಕೈಗೊಂದು ಸೂತ್ರ, ವೇಗದ ಒಂದು ಅಂಕಿ. ಒಂದು ವಾರದಲ್ಲಿ ಅದು ಕೈಗೆ ಹತ್ತುತ್ತದೆ. ಆದರೆ ಆ ಪುಟದಲ್ಲಿರುವ ಪ್ರತಿಯೊಂದು ಪೆಟ್ಟೂ ಒಂದು ಕಾಲದಲ್ಲಿ ಬೇರೊಬ್ಬ ಮನುಷ್ಯನ ಕೈಯಲ್ಲಿದ್ದದ್ದು. ಆ ಮನುಷ್ಯರು ಯಾರು, ಅವರ ಪೆಟ್ಟುಗಳು ಒಬ್ಬನ ಕೈಕಾಲಿಗೆ ಬಂದು ಸೇರಿದ್ದು ಹೇಗೆ, ಆ ಸೇರುವಿಕೆಯಲ್ಲಿ ಉಳಿದದ್ದೇನು, ಬಿಟ್ಟುಹೋದದ್ದೇನು ಎಂಬುದನ್ನು ಇಲ್ಲಿ ನಾವು ನೋಡಬಯಸುತ್ತೇವೆ. ನುಡಿಸುವವರಿಗೆ ಈ ಚರಿತ್ರೆ ಅಲಂಕಾರದ ಮಾತಲ್ಲ. ಇದನ್ನು ಅರಿಯದೆ ನುಡಿಸಿದರೆ ಲಯವೇ ತಪ್ಪುತ್ತದೆ ಎಂಬುದು ನಮ್ಮ ವಾದ.

ಚರಿತ್ರೆಯ ಆರಂಭ ರಿಯೊ ಬಂದರಿನಲ್ಲಿದೆ. 1811ರಲ್ಲಿ ಕಟ್ಟಿದ ವಲೊಂಗೊ ಎಂಬ ಹಡಗುಕಟ್ಟೆಯ ಮೂಲಕ ಸುಮಾರು ಒಂಬತ್ತು ಲಕ್ಷ ಆಫ್ರಿಕನ್ನರನ್ನು ಗುಲಾಮರಾಗಿ ಇಳಿಸಲಾಯಿತೆಂದು ಅಂದಾಜಿದೆ. ಮಣ್ಣಿನಡಿ ಹೂತುಹೋಗಿದ್ದ ಆ ಕಟ್ಟೆ 2011ರಲ್ಲಿ ಉತ್ಖನನದಿಂದ ಮತ್ತೆ ಬೆಳಕಿಗೆ ಬಂತು. 2017ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಬ್ರೆಜಿಲಿನಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಗೊಂಡದ್ದು 1888ರ ಮೇ 13ರಂದು. ಬಿಡುಗಡೆ ಬಂತೇ ಹೊರತು ಭೂಮಿಯಾಗಲಿ ಕೆಲಸವಾಗಲಿ ಜೊತೆಗೆ ಬರಲಿಲ್ಲ. ಈಶಾನ್ಯದ ಬಾಹಿಯಾ ಪ್ರಾಂತದಿಂದ ಅನೇಕ ಕಪ್ಪು ಕುಟುಂಬಗಳು ಕೆಲಸ ಹುಡುಕಿಕೊಂಡು ಆಗಿನ ರಾಜಧಾನಿ ರಿಯೊಗೆ ಬಂದು, ಬಂದರಿನ ಸುತ್ತಲ ಕೇರಿಗಳಲ್ಲಿ ನೆಲೆಸಿದವು. ಆ ಪ್ರದೇಶಕ್ಕೆ 'ಪುಟ್ಟ ಆಫ್ರಿಕಾ' ಎಂಬ ಹೆಸರೇ ಬಂತು. ಅವರೊಡನೆ ಬಾಹಿಯಾದ ವರ್ತುಲ ನೃತ್ಯವೂ ಬಂತು. ಜನ ವೃತ್ತವಾಗಿ ನಿಂತು ಚಪ್ಪಾಳೆ ತಟ್ಟುತ್ತ ಹಾಡುವರು, ಒಬ್ಬರು ನಡುವೆ ಬಂದು ಕುಣಿಯುವರು, ಕುಣಿದಾದ ಮೇಲೆ ಇನ್ನೊಬ್ಬರನ್ನು ಒಳಗೆ ಕರೆಯುವರು. 'ಸಾಂಬಾ' ಎಂಬ ಪದವೇ ಅಂಗೋಲಾದ ಕಿಂಬುಂಡು ಭಾಷೆಯ 'ಸೆಂಬಾ' ಎಂಬುದರಿಂದ ಬಂದಿದೆ ಎಂಬ ಅಭಿಪ್ರಾಯ ವಿದ್ವಾಂಸರಲ್ಲಿ ಬಲವಾಗಿದೆ. ಕುಣಿಯುವವರು ಪರಸ್ಪರ ಹೊಕ್ಕುಳು ತಾಗಿಸಿ ಸರದಿಯನ್ನು ದಾಟಿಸುವ ಕ್ರಿಯೆಗೆ ಆ ಹೆಸರು. ಅಂದರೆ ಮೂಲದಲ್ಲೇ ಇದು ಒಬ್ಬರಿಂದೊಬ್ಬರಿಗೆ ದಾಟುವ ಕಲೆ.

ಪುಟ್ಟ ಆಫ್ರಿಕಾದ ಮನೆಗಳಲ್ಲಿ ಹೆಸರಾದದ್ದು ಇಲಾರಿಯಾ ಬಟಿಸ್ಟಾ ಡಿ ಅಲ್ಮೇಡಾ ಎಂಬಾಕೆಯ ಮನೆ. ಬಾಹಿಯಾದ ಸಾಂತು ಅಮಾರು ಊರಿನಲ್ಲಿ 1854ರಲ್ಲಿ ಹುಟ್ಟಿದ ಆಕೆ ರಿಯೊದ ಬೀದಿಗಳಲ್ಲಿ ಸಿಹಿತಿಂಡಿ ಮಾರಿ ಬದುಕಿದವಳು. ಆಫ್ರಿಕನ್ ಮೂಲದ ಕಾಂಡೊಂಬ್ಲೆ ಧರ್ಮದಲ್ಲಿ ಗೌರವದ ಸ್ಥಾನ ಪಡೆದವಳು. ಜನ ಆಕೆಯನ್ನು 'ಟಿಯಾ ಸಿಯಾಟಾ', ಅಂದರೆ ಸಿಯಾಟಾ ಚಿಕ್ಕಮ್ಮ, ಎಂದು ಕರೆಯುತ್ತಿದ್ದರು. ಪ್ರಾಸಾ ಒಂಜಿ ಎಂಬ ಚೌಕದ ಬಳಿಯಿದ್ದ ಆ ಮನೆಯಲ್ಲಿ ಮುಂದಿನ ಕೋಣೆಗೊಂದು ಸಂಗೀತ, ಹಿಂದಿನ ಅಂಗಳಕ್ಕೊಂದು ಸಂಗೀತ ಎಂಬ ವ್ಯವಸ್ಥೆ ಇತ್ತು. ಬೀದಿಗೆ ಕೇಳುವ ಮುಂದಿನ ಕೋಣೆಯಲ್ಲಿ ಕೊಳಲು, ಗಿಟಾರುಗಳ 'ಶೋರೊ', ಒಳಗೆ ಸಾಂಬಾ. ಈ ವಿಂಗಡಣೆಗೆ ಕಾರಣ ರುಚಿಯ ಭೇದವೊಂದೇ ಆಗಿರಲಿಲ್ಲ. ಅಂದಿನ ದಂಡಸಂಹಿತೆಯಲ್ಲಿ ಅಲೆಮಾರಿತನ ಅಪರಾಧವಾಗಿತ್ತು. ಕೈಯಲ್ಲಿ ತಾಳವಾದ್ಯ ಹಿಡಿದ ಕಪ್ಪು ಮನುಷ್ಯನನ್ನು ಪೊಲೀಸರು ಸುಲಭವಾಗಿ ಆ ಕಲಮಿನ ಅಡಿಗೆ ತರಬಹುದಾಗಿತ್ತು. ಜೊವಾವ್ ದ ಬಾಯಾನಾ ಎಂಬ ವಾದಕನ ಪಂದೇರೊ, ಅಂದರೆ ನಮ್ಮ ಕಂಜೀರದ ಬಳಗಕ್ಕೆ ಸೇರುವ ಗೆಜ್ಜೆಯ ವಾದ್ಯ, 1908ರಲ್ಲಿ ಪೆನ್ಯಾ ಜಾತ್ರೆಯಲ್ಲಿ ಪೊಲೀಸರ ವಶವಾಯಿತು. ಸೆನೆಟರ್ ಪಿನ್ಯೇರೊ ಮಷಾಡೊ ಆತನಿಗೆ ಹೊಸ ಪಂದೇರೊ ಮಾಡಿಸಿ, ಅದರ ಮೇಲೆ ತನ್ನ ಮೆಚ್ಚುಗೆಯ ಮಾತನ್ನು ಬರೆಸಿ ಕೊಟ್ಟ. ಆ ಬರಹ ವಾದಕನಿಗೆ ರಕ್ಷಾಪತ್ರವಾಯಿತು. ಒಂದು ವಾದ್ಯ ನುಡಿಸಲು ಸೆನೆಟರೊಬ್ಬನ ಸಹಿ ಬೇಕಾಗಿದ್ದ ಕಾಲ ಅದು.

ಇಂಥ ಮನೆಗಳಲ್ಲಿ ಹಾಡು ಹುಟ್ಟುತ್ತಿದ್ದದ್ದು ಸಮೂಹದಲ್ಲಿ. ಒಬ್ಬರು ಪಲ್ಲವಿ ಎತ್ತಿದರೆ ಉಳಿದವರು ಸರದಿಯಂತೆ ಚರಣಗಳನ್ನು ಆಶುವಾಗಿ ಕಟ್ಟುವರು. 1916ರ ನವೆಂಬರಿನಲ್ಲಿ ಡೊಂಗಾ ಎಂದು ಹೆಸರಾದ ಎರ್ನೆಸ್ಟೊ ದೊಸ್ ಸಾಂಟೊಸ್, 'ಪೆಲು ಟೆಲಿಫೋನಿ' ಎಂಬ ಕೃತಿಯನ್ನು ರಾಷ್ಟ್ರೀಯ ಗ್ರಂಥಾಲಯದಲ್ಲಿ ತನ್ನ ಹೆಸರಿನಲ್ಲಿ ನೋಂದಾಯಿಸಿದ. 1917ರ ಕಾರ್ನಿವಲಿನಲ್ಲಿ ಅದರ ಧ್ವನಿಮುದ್ರಣ ಅಪಾರ ಜನಪ್ರಿಯವಾಯಿತು. ಧ್ವನಿಮುದ್ರಣದಲ್ಲಿ ಗೆದ್ದ ಮೊದಲ ಸಾಂಬಾ ಎಂಬ ಖ್ಯಾತಿ ಇಂದಿಗೂ ಅದಕ್ಕಿದೆ. ಸಿಯಾಟಾಳ ಮನೆಗೆ ಬರುತ್ತಿದ್ದವರು ಆಗಲೇ ಪ್ರತಿಭಟಿಸಿದರು. ಈ ಹಾಡು ಎಲ್ಲರೂ ಸೇರಿ ಕಟ್ಟಿದ್ದು, ಒಬ್ಬನದಾದದ್ದು ಹೇಗೆ ಎಂಬುದು ಅವರ ಪ್ರಶ್ನೆ. ನೋಂದಣಿ ಪುಸ್ತಕಕ್ಕೆ ಒಂದೆರಡು ಹೆಸರು ಸಾಕಾಗಿತ್ತು, ಅಂಗಳಕ್ಕೆ ಅದು ಸಾಲುತ್ತಿರಲಿಲ್ಲ. ಅನೇಕರದ್ದು ಒಬ್ಬನದಾಗುವ ಈ ಪ್ರಸಂಗವನ್ನು ನಾವು ನೆನಪಿನಲ್ಲಿಡಬೇಕು. ಮುಂದೆ ಬೇರೆ ಬೇರೆ ರೂಪಗಳಲ್ಲಿ ಅದೇ ಸಂಗತಿ ಮರುಕಳಿಸುತ್ತದೆ.

ಲಯದ ದೃಷ್ಟಿಯಿಂದ ನೋಡಿದರೆ 'ಪೆಲು ಟೆಲಿಫೋನಿ' ಇಂದಿನ ಸಾಂಬಾದಂತೆ ಕೇಳುವುದಿಲ್ಲ. ಅದು ಮಶೀಶಿ ಎಂಬ ಹಿಂದಿನ ಜೋಡಿ ನೃತ್ಯದ ಲಯಕ್ಕೆ ಹತ್ತಿರ. ಸಂಗೀತ ಚರಿತ್ರಕಾರ ಕಾರ್ಲೋಸ್ ಸಾಂದ್ರೋನಿ ಈ ಹಳೆಯ ಮಾದರಿಯಲ್ಲಿ ಎಂಟು ಸಣ್ಣ ಮಾತ್ರೆಗಳು ಮೂರು, ಮೂರು, ಎರಡು ಎಂದು ಒಡೆಯುವುದನ್ನು ಗುರುತಿಸುತ್ತಾರೆ. ಲಯ ಬದಲಾದದ್ದು 1920ರ ದಶಕದ ಕೊನೆಯಲ್ಲಿ, ಪ್ರಾಸಾ ಒಂಜಿಗೆ ಸಮೀಪದ ಎಸ್ಟಾಸಿಯು ಎಂಬ ಬಡ ಕೇರಿಯಲ್ಲಿ. ಅಲ್ಲಿಯ ತರುಣರು 1928ರಲ್ಲಿ 'ಡೇಶಾ ಫಲಾರ್' ಎಂಬ ಕಾರ್ನಿವಲ್ ತಂಡ ಕಟ್ಟಿದರು. ಸಾಂಬಾ ಶಾಲೆ ಎಂಬ ಹೆಸರು ಬಂದದ್ದು ಈ ತಂಡದಿಂದಲೇ ಎಂದು ಅದರ ಪ್ರಮುಖ ಇಸ್ಮಾಯೆಲ್ ಸಿಲ್ವಾ ಹೇಳಿಕೊಂಡಿದ್ದರು. ಹತ್ತಿರದಲ್ಲೇ ಶಿಕ್ಷಕರನ್ನು ತಯಾರಿಸುವ ಶಾಲೆಯಿತ್ತು, ನಾವು ಸಾಂಬಾದ ಶಿಕ್ಷಕರು ಎಂಬುದು ಅವರ ತರ್ಕ. ಹಳೆಯ ಸಾಂಬಾಕ್ಕೆ ಮನೆಯೊಳಗೆ ಕುಣಿಯಬಹುದಿತ್ತು, ಆದರೆ ಕೈ ಬೀಸಿಕೊಂಡು ಬೀದಿಯಲ್ಲಿ ಮುಂದೆ ಸಾಗಲು ಆಗುತ್ತಿರಲಿಲ್ಲ ಎಂದು ಅವರು ವಿವರಿಸುತ್ತಿದ್ದರು. ನಡೆಯಬೇಕೆಂಬ ಅಗತ್ಯದಿಂದ ಲಯ ಹಿಗ್ಗಿತು. ಎಂಟು ಮಾತ್ರೆಯ ಸುತ್ತು ಹದಿನಾರಾಯಿತು. ಒಳಗಿನ ಒಡಕು ಏಳು ಮತ್ತು ಒಂಬತ್ತು ಎಂದಾಯಿತು.

ಈ ನಡಿಗೆಗೆ ನೆಲದಂಥ ಒಂದು ದನಿ ಬೇಕಾಗಿತ್ತು. ಎಸ್ಟಾಸಿಯುವಿನ ಬಿಡೆ, ಅಂದರೆ ಅಲ್ಸೆಬಿಯಾಡೆಸ್ ಬಾರ್ಸೆಲೋಸ್, ದೊಡ್ಡದೊಂದು ಬೆಣ್ಣೆಯ ಡಬ್ಬಕ್ಕೆ ಹೊದಿಕೆ ಬಿಗಿದು 'ಸುರ್ದೊ'ವನ್ನು ರೂಪಿಸಿದನೆಂದು ಸಾಂಬಾ ಪರಂಪರೆ ಹೇಳುತ್ತದೆ. ಸುರ್ದೊ ಎಂದರೆ ಕಿವುಡ, ಮಂದ್ರವಾದದ್ದು ಎಂಬ ಅರ್ಥ ಬರುತ್ತದೆ. ತೂಕದ ಪೆಟ್ಟು ಬೀಳುವುದು ಎರಡು ಮಾತ್ರೆಯ ಆವರ್ತದ ಎರಡನೆಯ ಮಾತ್ರೆಯ ಮೇಲೆ. ಯುರೋಪಿನ ಮೆರವಣಿಗೆ ವಾದ್ಯಗಳಲ್ಲಿ ದೊಡ್ಡ ಡ್ರಮ್ಮು ಮೊದಲ ಮಾತ್ರೆಯನ್ನು ಒತ್ತುತ್ತದೆ. ಸಾಂಬಾದಲ್ಲಿ ಕಾಲು ಎತ್ತಿದ್ದು ಮೊದಲನೆಯದಕ್ಕೆ, ಊರಿದ್ದು ಎರಡನೆಯದಕ್ಕೆ ಎನ್ನುವಂತಿದೆ. ಸಾಂಬಾದ ಗುರುತೇ ಈ ಎರಡನೆಯ ಪೆಟ್ಟು.

1932ರಲ್ಲಿ 'ಮುಂದು ಸ್ಪೋರ್ಟಿವು' ಎಂಬ ಕ್ರೀಡಾ ಪತ್ರಿಕೆ ಪ್ರಾಸಾ ಒಂಜಿಯಲ್ಲಿ ಸಾಂಬಾ ಶಾಲೆಗಳ ಮೊದಲ ಸ್ಪರ್ಧೆಯನ್ನು ಏರ್ಪಡಿಸಿತು. ಗೆದ್ದದ್ದು ಗುಡ್ಡದ ಮೇಲಿನ ಕೇರಿಯ ಮಂಗೇರಾ. ಶಾಲೆಗಳು ಬೆಳೆದಂತೆ ಬಟೆರಿಯಾವೂ ಬೆಳೆದು, ಅದರೊಳಗೆ ಕೆಲಸದ ಹಂಚಿಕೆ ಖಚಿತವಾಯಿತು. ಮೊದಲ ಸುರ್ದೊ ಎರಡನೆಯ ಮಾತ್ರೆಯ ಮೇಲೆ; ಸ್ವಲ್ಪ ಏರುದನಿಯ ಎರಡನೆಯ ಸುರ್ದೊ ಮೊದಲ ಮಾತ್ರೆಯ ಮೇಲೆ ಉತ್ತರ ಕೊಡುತ್ತದೆ; ಮೂರನೆಯದು ಇವೆರಡರ ನಡುವಿನ ಜಾಗವನ್ನು ಕತ್ತರಿಸುತ್ತ ಹೋಗುತ್ತದೆ. ತಂತಿಯ ಗರಗರ ದನಿಯಿರುವ ಕೈಷಾ ಎಂಬ ಡ್ರಮ್ಮು ನಿರಂತರ ನಡೆಯನ್ನು ಹಿಡಿಯುತ್ತದೆ. ಅಂಗೈಯಗಲದ ಟಂಬೊರಿಂ ಕೋಲಿನ ಪೆಟ್ಟಿನಿಂದ ಆ ಏಳು-ಒಂಬತ್ತರ ವಿನ್ಯಾಸವನ್ನು ಬಿಡಿಸುತ್ತದೆ. ರೆಪಿನಿಕೆ ಕರೆ ಕೊಡುತ್ತದೆ, ಶೊಕಾಲ್ಯೊ ಗಿಲಕಿಯಂತೆ ಉಲಿಯುತ್ತದೆ, ಅಗೊಗೊ ಎರಡು ಗಂಟೆಗಳಿಂದ ಸ್ವರ ಹೊಂದಿಸುತ್ತದೆ, ಕುಯಿಕಾ ಒಳಗಿನ ಕಡ್ಡಿಯನ್ನು ಉಜ್ಜಿದಾಗ ನಗುವಂತೆ, ಅಳುವಂತೆ ಕೂಗುತ್ತದೆ. ಮಂಗೇರಾದ ಬಟೆರಿಯಾ ಮಾತ್ರ ಉತ್ತರ ಕೊಡುವ ಎರಡನೆಯ ಸುರ್ದೊವನ್ನು ಇಟ್ಟುಕೊಳ್ಳಲಿಲ್ಲ; ಮೊದಲ ಮಾತ್ರೆಯನ್ನು ಬರಿದಾಗಿ ಬಿಟ್ಟು ಎರಡನೆಯದನ್ನು ಮಾತ್ರ ಹೊಡೆಯುವುದೇ ಅದರ ಗುರುತು. ಕಣ್ಣು ಮುಚ್ಚಿ ಕೇಳಿದರೂ ಇದು ಮಂಗೇರಾ ಎಂದು ರಿಯೊದವರು ಹೇಳಬಲ್ಲರು. ಇಲ್ಲಿ ಯಾರೊಬ್ಬರೂ ಇಡೀ ಸಾಂಬಾವನ್ನು ನುಡಿಸುವುದಿಲ್ಲ. ಸಾಂಬಾ ಇರುವುದು ಅವರೆಲ್ಲರ ನಡುವೆ.

ಈಗ ಇನ್ನೊಂದು ಬಟೆರಿಯಾದ ಕಡೆಗೆ ತಿರುಗೋಣ. ಡ್ರಮ್ ಸೆಟ್ ಹುಟ್ಟಿದ್ದು ಉತ್ತರ ಅಮೆರಿಕದಲ್ಲಿ, ಅದೂ ಅನೇಕರ ಕೆಲಸವನ್ನು ಒಬ್ಬನಿಗೆ ಒಪ್ಪಿಸುವ ಅಗತ್ಯದಿಂದಲೇ. ಬೀದಿಯ ವಾದ್ಯಮೇಳದಲ್ಲಿ ದೊಡ್ಡ ಡ್ರಮ್ಮಿಗೊಬ್ಬ, ಸ್ನೇರ್ ಡ್ರಮ್ಮಿಗೊಬ್ಬ, ಸಿಂಬಲಿಗೊಬ್ಬ ಇರುತ್ತಿದ್ದರು. ನಾಟಕಶಾಲೆ, ನೃತ್ಯಶಾಲೆಗಳ ಒಳಗೆ ಬಂದಾಗ ಜಾಗವೂ ಕಡಿಮೆ, ಸಂಬಳಕ್ಕೆ ಹಣವೂ ಕಡಿಮೆ. ಒಬ್ಬನೇ ಎರಡನ್ನೂ ನುಡಿಸಲು ತೊಡಗಿದ. 1909ರಲ್ಲಿ ಶಿಕಾಗೊದ ಲುಡ್ವಿಗ್ ಸಂಸ್ಥೆ ವೇಗವಾಗಿ ಓಡುವ ಬೇಸ್ ಡ್ರಮ್ ಪೆಡಲನ್ನು ಮಾರುಕಟ್ಟೆಗೆ ತಂದ ಮೇಲೆ ಕಾಲು ಕೈಯ ಕೆಲಸಕ್ಕೆ ಇಳಿಯಿತು. 1920ರ ದಶಕದಲ್ಲಿ ಎಡಗಾಲಿನಿಂದ ಜೋಡಿ ಸಿಂಬಲುಗಳನ್ನು ಮುಚ್ಚಿ ತೆರೆಯುವ ಹೈ-ಹ್ಯಾಟ್ ಸೇರಿತು. ಹೀಗೆ ಜಾಝ್ ಸಂಗೀತದೊಡನೆ ಈ ಯಂತ್ರ ಬ್ರೆಜಿಲಿಗೂ ತಲುಪಿತು. 1922ರಲ್ಲಿ ಪಿಕ್ಸಿಂಗಿನ್ಯಾ ಮತ್ತು ಡೊಂಗಾ ಇದ್ದ 'ಓಯ್ಟು ಬಟುಟಾಸ್' ತಂಡ ಆರು ತಿಂಗಳು ಪ್ಯಾರಿಸಿನಲ್ಲಿ ನುಡಿಸಿತು. ಕಪ್ಪು ಸಂಗೀತಗಾರರು ಬ್ರೆಜಿಲನ್ನು ಪ್ರತಿನಿಧಿಸುವುದಕ್ಕೆ ತಾಯ್ನಾಡಿನ ಕೆಲವು ಪತ್ರಿಕೆಗಳೇ ಆಕ್ಷೇಪಿಸಿದ್ದವು. ಹಿಂದಿರುಗಿದ ಮೇಲೆ ಪಿಕ್ಸಿಂಗಿನ್ಯಾನ ಕೊಳಲಿನ ಜೊತೆಗೆ ಸ್ಯಾಕ್ಸೊಫೋನೂ ಬಂದಿತ್ತು. 'ಜಾಝ್ ಬ್ಯಾಂಡ್' ಎಂದು ಕರೆಸಿಕೊಳ್ಳುವ ತಂಡಗಳು ರಿಯೊದಲ್ಲಿ ಹೆಚ್ಚಿದವು.

ಸಾಂಬಾವನ್ನು ಡ್ರಮ್ ಸೆಟ್ಟಿಗೆ ತಂದವರಲ್ಲಿ ಮೊದಲ ಹೆಸರು ಲೂಸಿಯಾನೊ ಪೆರೊನೆ ಅವರದು. 1908ರಲ್ಲಿ ರಿಯೊದಲ್ಲಿ ಹುಟ್ಟಿದ ಅವರು ಹದಿಹರೆಯದಲ್ಲೇ ಮೂಕಿಚಿತ್ರಗಳಿಗೆ ಹಿನ್ನೆಲೆ ನುಡಿಸುವ ವಾದ್ಯಮೇಳ ಸೇರಿದರು. ಆಗ ಅವರಿಗೆ ಪೂರ್ಣ ಸೆಟ್ ಇರಲಿಲ್ಲ: ಬೆತ್ತದ ಕುರ್ಚಿಯ ಮೇಲೆ ಸ್ನೇರ್ ಡ್ರಮ್, ಕಟಕಟೆಗೆ ತೂಗುಹಾಕಿದ ಒಂದು ಸಿಂಬಲ್, ಪೆಡಲಿಲ್ಲದ ದೊಡ್ಡ ಡ್ರಮ್. ಧ್ವನಿಮುದ್ರಣದ ಸ್ಥಿತಿಯೂ ಅಷ್ಟೇ ಇಕ್ಕಟ್ಟಿನದು. ಹಳೆಯ ಯಾಂತ್ರಿಕ ಪದ್ಧತಿಯಲ್ಲಿ ಡ್ರಮ್ಮಿನ ಪೆಟ್ಟಿಗೆ ಸೂಜಿ ಹಾರುವ ಭಯವಿದ್ದುದರಿಂದ ತಾಳವಾದ್ಯಗಳನ್ನು ದೂರವೇ ಇಡುತ್ತಿದ್ದರು. 1927ರಲ್ಲಿ ವಿದ್ಯುತ್ ಧ್ವನಿಮುದ್ರಣ ಬ್ರೆಜಿಲಿಗೆ ಬಂತು. ಆ ದಶಕ ಮುಗಿಯುವ ಹೊತ್ತಿಗೆ ಅಲ್ಮಿರಾಂಟಿ ಮತ್ತು 'ಬಾಂದು ಡಿ ಟಂಗಾರಾಸ್' ತಂಡ 'ನಾ ಪವೂನಾ' ಹಾಡಿಗೆ ಕೇರಿಯ ಬಟುಕಾಡಾ ವಾದ್ಯಗಳನ್ನೇ ಸ್ಟುಡಿಯೊ ಒಳಗೆ ತಂದು ಮುದ್ರಿಸಿತು. ಸೆನೆಟರನ ಸಹಿಯಿಲ್ಲದೆ ಬೀದಿಗೆ ಬರಲಾಗದಿದ್ದ ವಾದ್ಯಗಳು ಈಗ ತಟ್ಟೆಗಳಲ್ಲಿ ಮನೆಮನೆಗೆ ಹೋದವು.

ಆದರೆ ವಾದ್ಯಗಳು ಒಳಗೆ ಬಂದಷ್ಟು ಸುಲಭವಾಗಿ ವಾದಕರು ಬರಲಿಲ್ಲ. ಸ್ಟುಡಿಯೊ, ನೃತ್ಯಶಾಲೆ, ಬಾನುಲಿಗಳ ಸಂಬಳದ ಪಟ್ಟಿಯಲ್ಲಿ ಹತ್ತಿಪ್ಪತ್ತು ತಾಳವಾದ್ಯಗಾರರಿಗೆ ಜಾಗವಿರಲಿಲ್ಲ. ಒಬ್ಬ ಡ್ರಮ್ಮರ್, ಜೊತೆಗೆ ಒಬ್ಬಿಬ್ಬರು ಎನ್ನುವುದೇ ರೂಢಿಯಾಯಿತು. ಹಾಡುಗಳ ವಿಷಯದಲ್ಲೂ ಹಾಗೆಯೇ. ಪ್ರಖ್ಯಾತ ಗಾಯಕ ಫ್ರಾನ್ಸಿಸ್ಕು ಆಲ್ವಿಸ್, ಇಸ್ಮಾಯೆಲ್ ಸಿಲ್ವಾ ಮೊದಲಾದವರ ಸಾಂಬಾಗಳನ್ನು ಹಣ ಕೊಟ್ಟು ಪಡೆದು ಕರ್ತೃತ್ವದಲ್ಲಿ ತನ್ನ ಹೆಸರನ್ನೂ ಸೇರಿಸಿಕೊಳ್ಳುತ್ತಿದ್ದ. ಕೇರಿಯ ಸಂಗೀತ ನಗರದ ನಡುಮನೆಗೆ ಬಂತು. ಕೇರಿಯವರು ಬಾಗಿಲ ಬಳಿ ನಿಂತರು.

ಪೆರೊನೆ ಈ ಇಕ್ಕಟ್ಟಿನೊಳಗೇ ಕೆಲಸ ಮಾಡಿದವರು. ಸ್ನೇರ್ ಡ್ರಮ್ಮಿನ ತಂತಿಯನ್ನು ಸಡಿಲಿಸಿ, ಒಂದು ಕೈಯಲ್ಲಿ ಕೋಲು, ಇನ್ನೊಂದು ಬರಿಗೈ, ಟಾಮ್‌ಗಳ ಮೇಲೆ ಸುರ್ದೊವಿನ ಮಂದ್ರ, ಸ್ನೇರಿನ ಅಂಚಿನ ಮೇಲೆ ಟಂಬೊರಿಂನ ವಿನ್ಯಾಸ ಹೀಗೆ ಚರ್ಮದ ಮೇಲೇ ಬಟುಕಾಡಾವನ್ನು ಮರುಕಟ್ಟುವ ಶೈಲಿಯನ್ನು ಅವರು ಬೆಳೆಸಿದರು. 1936ರಲ್ಲಿ ಆರಂಭವಾದ ರಾಡಿಯು ನ್ಯಾಸಿಯೊನಾಲ್ ಬಾನುಲಿಯ ವಾದ್ಯವೃಂದದಲ್ಲಿ ಲಯದ ಭಾರವೆಲ್ಲ ಅವರ ಮೇಲೇ ಬೀಳುತ್ತಿತ್ತು. ಇಷ್ಟು ದೊಡ್ಡ ವೃಂದದಲ್ಲಿ ತಾನೊಬ್ಬನೇ ಸಾಂಬಾವನ್ನು ಹೊರುವುದು ಕಷ್ಟ, ಟಂಬೊರಿಂನ ವಿನ್ಯಾಸವನ್ನು ಹಿತ್ತಾಳೆಯ ಗಾಳಿವಾದ್ಯಗಳಿಗೂ ಹಂಚಬಾರದೇ ಎಂದು ಅವರು ಸಂಯೋಜಕ ರಡಮೇಸ್ ನ್ಯಾತಾಲಿಯವರಿಗೆ ಸೂಚಿಸಿದರೆಂದು ಪ್ರತೀತಿ. 1939ರಲ್ಲಿ ಧ್ವನಿಮುದ್ರಣಗೊಂಡ ಆರಿ ಬರೋಜೊ ಅವರ 'ಅಕ್ವಾರೆಲಾ ದು ಬ್ರಜಿಲ್' ಹಾಡಿನಲ್ಲಿ ನ್ಯಾತಾಲಿ ಮಾಡಿದ್ದು ಅದನ್ನೇ. ಕೇಳುಗರು ಮಧುರ ಸಂಯೋಜನೆಯೆಂದು ಮೆಚ್ಚುವ ಆ ಹಿತ್ತಾಳೆ ವಾದ್ಯಗಳ ಮೊನಚಾದ ಪದಗುಚ್ಛಗಳು ತಾಳವಾದ್ಯದ ಪೆಟ್ಟುಗಳೇ. ಒಬ್ಬನೇ ಹೊತ್ತವನಿಗೆ ಇದು ಒಬ್ಬನ ಹೊರೆಯಲ್ಲ ಎಂಬುದು ಎಲ್ಲರಿಗಿಂತ ಮೊದಲು ತಿಳಿದಿತ್ತು. ಆ ವೇಳೆಗೆ ಗೆಟುಲಿಯು ವರ್ಗಾಸ್‌ನ ಸರ್ಕಾರ ಸಾಂಬಾವನ್ನು ರಾಷ್ಟ್ರದ ಲಾಂಛನವಾಗಿ ಮೆರೆಸತೊಡಗಿತ್ತು. ಪಂದೇರೊ ವಶವಾದ 1908ರಿಂದ ಈ ಹಾಡಿನವರೆಗೆ ಮೂವತ್ತೊಂದು ವರ್ಷ. ಅಷ್ಟರಲ್ಲಿ ಅಪರಾಧ ಹೆಮ್ಮೆಯಾಯಿತು. ಅದರ ಬೆನ್ನಿಗೇ, 1940ರ ದಶಕದಲ್ಲಿ, ವರ್ಗಾಸ್‌ನ ಹೆಸರಿನ ಹೆದ್ದಾರಿಗಾಗಿ ಪ್ರಾಸಾ ಒಂಜಿಯನ್ನು ಕೆಡವಲಾಯಿತು. ಸಿಯಾಟಾಳ ನೆರೆಹೊರೆಯೂ, ಮೊದಲ ಸ್ಪರ್ಧೆ ನಡೆದ ಚೌಕವೂ ಅಳಿಸಿಹೋದವು.

1950, 60ರ ದಶಕಗಳಲ್ಲಿ ಸಾಂಬಾ ಕೊಪಕಬಾನಾದ ಸಣ್ಣ ರಾತ್ರಿಕೂಟಗಳನ್ನು ಸೇರಿತು. ಅಲ್ಲಿ ಎಡಿಸನ್ ಮಷಾಡೊ ಎಂಬ ಡ್ರಮ್ಮರ್ ಲಯವನ್ನು ಚರ್ಮದಿಂದ ಲೋಹಕ್ಕೆ ಎತ್ತಿದ. ಜಾಝ್ ವಾದಕರಂತೆ ರೈಡ್ ಸಿಂಬಲಿನ ಮೇಲೆ ನಡೆಯನ್ನು ಹರಿಯಬಿಟ್ಟು, ಎಡಗೈಯನ್ನು ಸ್ನೇರಿನ ಮೇಲೆ ಮಾತಿಗೆ ಬಿಟ್ಟ ಆ ಕ್ರಮಕ್ಕೆ 'ಸಿಂಬಲಿನ ಮೇಲಿನ ಸಾಂಬಾ' ಎಂದೇ ಹೆಸರಾಯಿತು. 1964ರ ಆತನ 'ಎಡಿಸನ್ ಮಷಾಡೊ ಎ ಸಾಂಬಾ ನೊವು' ಧ್ವನಿಸುರುಳಿಯಲ್ಲಿ ಅದನ್ನು ಅದರ ಪೂರ್ಣ ಬಿರುಸಿನಲ್ಲಿ ಕೇಳಬಹುದು. ಇದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ ಬೊಸ್ಸಾ ನೊವಾ ಸಾಂಬಾವನ್ನು ಪಿಸುಮಾತಿಗೆ ಇಳಿಸಿತು. ಜೊವಾವ್ ಜಿಲ್ಬೆರ್ಟೊ ಗಿಟಾರಿನಲ್ಲಿ ಹೆಬ್ಬೆರಳನ್ನು ಸುರ್ದೊವಾಗಿಸಿ, ಉಳಿದ ಬೆರಳುಗಳನ್ನು ಟಂಬೊರಿಂ ಆಗಿಸಿದರು. ಆ ಗಿಟಾರಿಗೆ ಹೊಂದುವಂತೆ ಮಿಲ್ಟನ್ ಬನಾನಾ ಸ್ನೇರಿನ ಅಂಚಿನ ಮೇಲೆ ಕೋಲನ್ನು ಅಡ್ಡ ಮಲಗಿಸಿ, ಮರದ ಚುಕ್ಕೆಗಳಂಥ ಒಣ ದನಿಯನ್ನು ಇಟ್ಟ. 1963ರಲ್ಲಿ ನ್ಯೂಯಾರ್ಕಿನಲ್ಲಿ ಮುದ್ರಿಸಿ ಮರುವರ್ಷ ಬಿಡುಗಡೆಯಾದ 'ಗೆಟ್ಜ್/ಜಿಲ್ಬೆರ್ಟೊ' ಜಗತ್ತನ್ನು ಸುತ್ತಿತು. ಅದರೊಂದಿಗೆ ಜಗತ್ತಿನ ಡ್ರಮ್ಮರುಗಳು 'ಬ್ರೆಜಿಲಿಯನ್ ಲಯ'ವನ್ನು ಕಲಿಯತೊಡಗಿದರು. ಪಾಠದ ಆ ಒಂದು ಪುಟ ಹುಟ್ಟಿದ್ದು ಹೀಗೆ: ಮೇಳದ ಸಾರವನ್ನು ಒಬ್ಬ ಹೀರಿಕೊಂಡ, ಆ ಒಬ್ಬನ ಸಾರವನ್ನು ತಟ್ಟೆ ಹೀರಿಕೊಂಡಿತು, ತಟ್ಟೆಯನ್ನು ಕೇಳಿ ದೂರದ ಯಾರೋ ಸ್ವರಲಿಪಿಯಲ್ಲಿ ಬರೆದುಕೊಂಡರು.

ಆ ಪುಟವನ್ನೇ ಈಗ ಬಿಡಿಸಿ ನೋಡೋಣ. ಸಾಂಬಾ ಎರಡು ಮಾತ್ರೆಯ ಆವರ್ತ. ಪ್ರತಿ ಮಾತ್ರೆಯೊಳಗೆ ನಾಲ್ಕು ಸಣ್ಣ ಪೆಟ್ಟು. ಎಣಿಕೆಯ ಅನುಕೂಲಕ್ಕಾಗಿ ಮಾತ್ರ ನಮ್ಮ 'ತಕದಿಮಿ'ಯನ್ನು ಎರವಲು ಪಡೆಯಬಹುದು. ಬಲಗಾಲಿನ ಬೇಸ್ ಡ್ರಮ್ 'ತ' ಮತ್ತು 'ಮಿ'ಗಳ ಮೇಲೆ ಬೀಳುತ್ತದೆ. ಹಾಗಾಗಿ 'ಮಿ' ಮುಂದಿನ 'ತ'ಕ್ಕೆ ತಗುಲಿಕೊಂಡು ಎದೆಬಡಿತದ ಜೋಡಿಯಾಗುತ್ತದೆ. ಎಡಗಾಲಿನ ಹೈ-ಹ್ಯಾಟ್ 'ದಿ'ಯ ಮೇಲೆ ಮುಚ್ಚುತ್ತದೆ. ಬಲಗೈ ಹೈ-ಹ್ಯಾಟಿನ ಅಥವಾ ಸಿಂಬಲಿನ ಮೇಲೆ ನಾಲ್ಕೂ ಅಕ್ಷರಗಳನ್ನು ಬಿಡದೆ ನುಡಿಯುತ್ತದೆ. ಎಡಗೈ ಸ್ನೇರಿನ ಅಂಚಿನ ಮೇಲೆ ಟಂಬೊರಿಂನ ವಿನ್ಯಾಸವನ್ನು ಇಡುತ್ತದೆ. ಅದರ ಒಂದು ಪ್ರಚಲಿತ ರೂಪ ನಾಲ್ಕು 'ತಕದಿಮಿ'ಗಳ ಮೇಲೆ ಹೀಗೆ ಹರಡುತ್ತದೆ: ಮೊದಲನೆಯದರಲ್ಲಿ ತ, ದಿ, ಎರಡನೆಯದರಲ್ಲಿ ತ, ಕ, ಮಿ, ಮೂರನೆಯದರಲ್ಲಿ ಕ, ಮಿ, ನಾಲ್ಕನೆಯದರಲ್ಲಿ ಕ, ದಿ. ಒಟ್ಟು ಒಂಬತ್ತು ಪೆಟ್ಟು. ಮೊದಲರ್ಧದಲ್ಲಿ ವಿನ್ಯಾಸ ಮಾತ್ರೆಯ ತಲೆಯ ಮೇಲೆ ಕಾಲೂರುತ್ತದೆ. ಉತ್ತರಾರ್ಧದಲ್ಲಿ 'ತ'ವನ್ನು ಒಮ್ಮೆಯೂ ಮುಟ್ಟದೆ ಅದರ ಆಚೀಚೆ ಸುಳಿಯುತ್ತದೆ. ನೆಲದ ಮೇಲೆ ನಿಂತು ಆಮೇಲೆ ನೆಲ ಬಿಡುವ ಈ ತೂಗಾಟವೇ ಎಸ್ಟಾಸಿಯುವಿನ ತರುಣರು ಬೀದಿಗೆ ತಂದದ್ದು.

ಕಾಲಿನಿಂದ ಆರಂಭಿಸುವುದು ಒಳ್ಳೆಯದು. ನಿಮಿಷಕ್ಕೆ ಅರುವತ್ತು ಮಾತ್ರೆಯ ನಿಧಾನದಲ್ಲಿ ಎರಡೂ ಕಾಲು ತಾವಾಗಿ ನಡೆಯುವವರೆಗೆ ಕೈಗಳನ್ನು ಸುಮ್ಮನಿರಿಸಬೇಕು. ಆಮೇಲೆ ಬಲಗೈ, ಕೊನೆಗೆ ಎಡಗೈ. ಎಡಗೈ ವಿನ್ಯಾಸವನ್ನು ಕೋಲಿಗೆ ಕೊಡುವ ಮೊದಲು ಬಾಯಲ್ಲಿ ಹೇಳಿಕೊಳ್ಳುವುದು ವಾಸಿ. ಇಸ್ಮಾಯೆಲ್ ಸಿಲ್ವಾ ಕೂಡ ತಮ್ಮ ಹೊಸ ಲಯವನ್ನು ವಿವರಿಸಬೇಕಾದಾಗ ಸಿದ್ಧಾಂತದ ಮೊರೆಹೋಗದೆ ಬಾಯಿಯಿಂದಲೇ ಡ್ರಮ್ಮಿನ ದನಿ ಹೊರಡಿಸಿ ತೋರಿಸಿದ್ದರು. ಕಾರ್ನಿವಲಿನ ಬಟೆರಿಯಾ ಓಡುವುದು ಇದರ ಎರಡು ಪಟ್ಟಿಗಿಂತ ಹೆಚ್ಚಿನ ವೇಗದಲ್ಲಿ. ಆ ವೇಗದ ಆಸೆಗೆ ಬಿದ್ದು ಮೊದಲ ದಿನವೇ ಓಡಿದವರ ಸಾಂಬಾ ಬಿಗಿದ ಮೆರವಣಿಗೆ ಡ್ರಮ್ಮಾಗುತ್ತದೆ.

ಇಷ್ಟನ್ನು ತಪ್ಪಿಲ್ಲದೆ ನುಡಿಸಿದ ಮೇಲೂ ಅದು ಸಾಂಬಾದಂತೆ ಕೇಳದೆ ಇರಬಹುದು. ಕಾರಣಗಳು ಎರಡು, ಎರಡಕ್ಕೂ ಉತ್ತರ ಇದುವರೆಗೆ ಹೇಳಿದ ಚರಿತ್ರೆಯಲ್ಲಿದೆ. ಮೊದಲನೆಯದು ತೂಕ. ಸ್ವರಲಿಪಿಯಲ್ಲಿ ಬೇಸ್ ಡ್ರಮ್ಮಿನ ಪೆಟ್ಟುಗಳೆಲ್ಲ ಒಂದೇ ಗಾತ್ರದ ಚುಕ್ಕೆಗಳು. ಇತರ ಸಂಗೀತಗಳಲ್ಲಿ ಪಳಗಿದ ಕಾಲು ಮೊದಲ ಮಾತ್ರೆಯನ್ನು ಒತ್ತುವುದು ಸಹಜ. ಆದರೆ ಆ ಕಾಲು ಈಗ ಮೂರು ಸುರ್ದೊಗಳ ಪರವಾಗಿ ಮಾತನಾಡುತ್ತಿದೆ. ಅವುಗಳಲ್ಲಿ ಅತಿ ದೊಡ್ಡದು ಎರಡನೆಯ ಮಾತ್ರೆಯ ಮೇಲಿದೆ. ಆದ್ದರಿಂದ 'ಮಿ'ಗಳು ಹಗುರ, ಮೊದಲ 'ತ' ಹಗುರ, ಎರಡನೆಯ 'ತ' ಆಳ. ಬೇಕಿದ್ದರೆ ಎರಡನೆಯದಕ್ಕೆ ಫ್ಲೋರ್ ಟಾಮ್ ಸೇರಿಸಬಹುದು. ಮಂಗೇರಾವನ್ನು ಕೇಳಿದವರು ಮೊದಲನೆಯದನ್ನು ಇನ್ನಷ್ಟು ಮೃದುಗೊಳಿಸುವ ಧೈರ್ಯ ಮಾಡುತ್ತಾರೆ. ಎರಡನೆಯದು ನಡೆಯ ಒಳಗಿನ ಅಂತರ. ನಾಲ್ಕು ಸಣ್ಣ ಪೆಟ್ಟುಗಳು ಕಾಗದದ ಮೇಲೆ ಸಮಭಾಗ. ಸಾಂಬಾ ವಾದಕರ ಕೈಯಲ್ಲಿ ಸಮಭಾಗವಲ್ಲ. ಧ್ವನಿಮುದ್ರಣಗಳನ್ನು ಅಳೆದು ನೋಡಿದಾಗ ಮೂರನೆಯ, ನಾಲ್ಕನೆಯ ಪೆಟ್ಟುಗಳು ಗಡಿಯಾರದ ಲೆಕ್ಕಕ್ಕಿಂತ ಕೂದಲೆಳೆಯಷ್ಟು ಮೊದಲೇ ಬರುವುದು ಕಂಡಿದೆ. ಪಂದೇರೊವಿನ ಮೇಲೆ ಹೆಬ್ಬೆರಳು, ಬೆರಳ ತುದಿ, ಅಂಗೈ ಬುಡ ಸರದಿಯಂತೆ ಬೀಳುವ ಕ್ರಮವನ್ನು ನೋಡಿದವರಿಗೆ ಆ ತೂಗಾಟದ ಸ್ವಭಾವ ತಿಳಿಯುತ್ತದೆ. ಎರಡು ಕೋಲುಗಳಿಗೆ ಆ ಕೈಯ ನೆನಪು ಇರುವುದಿಲ್ಲ. ಕೇಳಿ ಕೇಳಿ ನಾವೇ ತುಂಬಿಕೊಳ್ಳಬೇಕು.

ಹಾಗಾದರೆ ಡ್ರಮ್ ಸೆಟ್ಟಿನ ಸಾಂಬಾ ಒಂದು ಬಡಕಲು ನಕಲೇ? ನಮಗೆ ಹಾಗೆ ಅನ್ನಿಸುವುದಿಲ್ಲ. ಪೆರೊನೆ, ಮಷಾಡೊ, ಬನಾನಾ ಮೂವರೂ ಒಂದೇ ಮೇಳವನ್ನು ಮೂರು ರೀತಿಯಲ್ಲಿ ಆರಿಸಿಕೊಂಡರು. ಆ ಆಯ್ಕೆಯಲ್ಲಿ ಹೊಸ ಸಂಗೀತ ಹುಟ್ಟಿತು. ಆದರೆ ಮೂವರಿಗೂ ತಾವು ಏನನ್ನು ಬಿಡುತ್ತಿದ್ದೇವೆ ಎಂಬುದು ಗೊತ್ತಿತ್ತು. ಪುಟವನ್ನು ಮಾತ್ರ ಕಂಡವರಿಗೆ ಅದು ಗೊತ್ತಾಗುವುದಿಲ್ಲ. 'ಪೆಲು ಟೆಲಿಫೋನಿ'ಯ ನೋಂದಣಿಯಲ್ಲಿ ಅಂಗಳದ ಹೆಸರುಗಳು ಕಾಣೆಯಾದಂತೆ, ಸ್ಟುಡಿಯೊದ ಪಟ್ಟಿಯಲ್ಲಿ ಕೇರಿಯ ವಾದಕರು ಕಾಣೆಯಾದಂತೆ, 'ಸಾಂಬಾ: ಮೂಲ ಪಾಠ' ಎಂಬ ಶೀರ್ಷಿಕೆಯಡಿಯಲ್ಲೂ ಅವರು ಕಾಣೆಯಾಗುತ್ತಾರೆ. ಮೊದಲೆರಡನ್ನು ನಾವು ಈಗ ತಿದ್ದಲಾರೆವು. ಮೂರನೆಯದು ಕಲಿಯುವವರ ಕೈಯಲ್ಲಿದೆ.

ಬ್ರೆಜಿಲಿನ ಗುರುಗಳೇ ಈ ದಾರಿ ತೋರಿಸಿದ್ದಾರೆ. ಪೆರೊನೆಯವರ ಶಿಷ್ಯರಾದ ಆಸ್ಕರ್ ಬೊಲಾವ್ 2003ರಲ್ಲಿ ಪ್ರಕಟಿಸಿದ 'ಬಟುಕಿ ಎ ಉಂ ಪ್ರಿವಿಲೇಜಿಯು' ಎಂಬ ಪಠ್ಯದಲ್ಲಿ ಡ್ರಮ್ ಸೆಟ್ಟಿನ ಪಾಠವನ್ನು ರಿಯೊದ ತಾಳವಾದ್ಯಗಳ ಪರಿಚಯದೊಡನೆ ಹೆಣೆದರು. ಸುರ್ದೊವನ್ನೂ ಟಂಬೊರಿಂ ಅನ್ನೂ ಪಂದೇರೊವನ್ನೂ ಬೇರೆ ಬೇರೆಯಾಗಿ ಅರಿತ ಮೇಲೆ ಅವನ್ನು ಕೈಕಾಲುಗಳಿಗೆ ಹಂಚುವುದು ಅಲ್ಲಿಯ ಕ್ರಮ. ಮನೆಯಲ್ಲಿ ಕಲಿಯುವವರೂ ಇದನ್ನು ಅನುಸರಿಸಬಹುದು. ನಾಲ್ವರು ಗೆಳೆಯರು ಕೂಡಿದ ಒಂದು ಸಂಜೆ, ಒಬ್ಬರು ಎರಡನೆಯ ಮಾತ್ರೆಗೆ ನೀರಿನ ಡ್ರಮ್ ಹೊಡೆಯಲಿ, ಒಬ್ಬರು ಡಬ್ಬಿಯಲ್ಲಿ ಅಕ್ಕಿ ಹಾಕಿ ನಾಲ್ಕೂ ಅಕ್ಷರ ಅಲುಗಿಸಲಿ, ಒಬ್ಬರು 'ದಿ'ಗೆ ಚಪ್ಪಾಳೆ ತಟ್ಟಲಿ, ಒಬ್ಬರು ಮೇಜಿನ ಮೇಲೆ ಆ ಒಂಬತ್ತು ಪೆಟ್ಟುಗಳನ್ನು ಇಡಲಿ. ಸರದಿ ಬದಲ��ಸಿ. ಬೆಣ್ಣೆ ಡಬ್ಬದಿಂದ ಸುರ್ದೊ ಮಾಡಿದವರ ಪರಂಪರೆಗೆ ಇದು ಅಪಚಾರವಾಗದು. ಒಂದು ಗಂಟೆ ಹೀಗೆ ಕಳೆದು ಡ್ರಮ್ ಸೆಟ್ಟಿಗೆ ಕುಳಿತರೆ ಯಾವ ಕೈ ಯಾರದೆಂದು ಮೈಗೆ ತಿಳಿದಿರುತ್ತದೆ.

ವಿಲ್ಸನ್ ದಾಸ್ ನೆವೆಸ್ ಎಂಬ ಡ್ರಮ್ಮರ್ 1936ರಿಂದ 2017ರವರೆಗೆ ಬಾಳಿದರು. ಬ್ರೆಜಿಲಿನ ಅಸಂಖ್ಯ ಧ್ವನಿಮುದ್ರಣಗಳಲ್ಲಿ ಕುಳಿತು ನುಡಿಸಿದ ಅವರು ಇಂಪೇರಿಯು ಸೆರಾನು ಸಾಂಬಾ ಶಾಲೆಗೆ ಸೇರಿದವರೂ ಹೌದು. ಸ್ಟುಡಿಯೊದ ಬಟೆರಿಯಾ, ಬೀದಿಯ ಬಟೆರಿಯಾ ಎರಡೂ ಅವರ ಬದುಕಿನೊಳಗಿದ್ದವು. ಅರುವತ್ತರ ವಯಸ್ಸಿನಲ್ಲಿ ಅವರು ಗಾಯಕರಾಗಿ ತಮ್ಮದೇ ಸಾಂಬಾಗಳ ಧ್ವನಿಮುದ್ರಿಕೆಯನ್ನು ಹೊರತಂದರು. ಅದು 1996ರ 'ಊ ಸೋಂ ಸಗ್ರಾದು'. ಅವರ ನುಡಿಸಾಣಿಕೆಯಲ್ಲಿ ಅಬ್ಬರವಿಲ್ಲ. ಎರಡನೆಯ ಮಾತ್ರೆಯನ್ನು ಗಮನಿಸುತ್ತ ಕೇಳಿದರೆ ಅಲ್ಲಿ ಒಬ್ಬ ಮನುಷ್ಯ ಕುಳಿತಿರುವುದೂ, ಅವನ ಹಿಂದೆ ಒಂದು ಬೀದಿ ನಡೆದು ಬರುತ್ತಿರುವುದೂ ಒಟ್ಟಿಗೆ ಕೇಳಿಸುತ್ತದೆ.